ಮಲೆನಾಡಲ್ಲಿ ಒಂದು ರಾತ್ರಿ: ಕ್ಷೇತ್ರದ ಕೊಠಡಿಯೋ, ಸರ್ಕಾರಿ ಕೊಠಡಿಯೋ, ಊರಿನವರ ಮನೆಯೋ?

ದಸರಾ ರಜೆ ಹತ್ತಿರ ಬಂತೆಂದರೆ ಸಾಕು, ನನಗೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. "ನೀವು ಚಿಕ್ಕಮಗಳೂರಿನವರೇ ಅಲ್ವಾ? ರೆಸಾರ್ಟು ಗಿಸಾರ್ಟು ಬೇಡ. ಸಾದಾ ಕೊಠಡಿ ಸಾಕು. ಊರಿಂದ ದೂರ, ಕಾಡು ಗುಡ್ಡದ ಮಧ್ಯೆ ಒಂದು ರಾತ್ರಿ ಇರಬೇಕು. ಎಲ್ಲಿ ಹೋಗೋದು?" ಈ ಸಲ ಅರಸೀಕೆರೆಯ ಒಂದು ಮನೆಯವರು ಬರೆದಿದ್ದರು. ಒಟ್ಟು ಏಳು ಜನ. ಎಪ್ಪತ್ತು ದಾಟಿದ ಅಪ್ಪ ಅಮ್ಮ, ಮಂಡಿನೋವಿನ ಅಮ್ಮನಿಗೆ ಹೊರನಾಡಿಗೆ ಹೋಗುವ ಆಸೆ. ಕಾಲೇಜು ಓದುವ ಇಬ್ಬರು ಹುಡುಗರಿಗೆ ಕುದುರೆಮುಖ ಹತ್ತಲೇಬೇಕು. ಗಂಡ ಹೆಂಡತಿಗೆ ಕೆಮ್ಮಣ್ಣುಗುಂಡಿ ಇಷ್ಟ. ಜೊತೆಗೆ ಮೂರು ವರ್ಷದ ಮಗು. ಎಲ್ಲರಿಗೂ ಒಪ್ಪುವ ಒಂದು ಜಾಗ ಹೇಳಿ ಎಂದು ಕೇಳಿದ್ದರು.

ಅವರಿಗೆ ಬರೆದ ಉತ್ತರವನ್ನೇ ಸ್ವಲ್ಪ ಹಿಗ್ಗಿಸಿ ಇಲ್ಲಿ ಕೊಡುತ್ತಿದ್ದೇನೆ. ಇದೇ ಗೊಂದಲ ಬೇರೆಯವರಿಗೂ ಇದೆ ಎಂದು ನನಗೆ ಗೊತ್ತು.

ಮೊದಲಿಗೆ ಒಂದು ಮಾತು. ಸಾದಾ ಕೊಠಡಿ ಎಂದರೆ ಎಲ್ಲ ಕಡೆಯೂ ಹೆಚ್ಚುಕಮ್ಮಿ ಒಂದೇ. ನಾಲ್ಕು ಗೋಡೆ, ಎರಡು ಮಂಚ, ಒಂದು ಬಲ್ಬು, ಬಕೆಟ್ಟು, ಚೊಂಬು. ಫೋಟೋ ನೋಡಿ ಈ ಕೊಠಡಿ ಚೆನ್ನಾಗಿದೆ, ಆ ಕೊಠಡಿ ಚೆನ್ನಾಗಿಲ್ಲ ಎಂದು ಆರಿಸುವುದರಲ್ಲಿ ಅರ್ಥವಿಲ್ಲ. ವ್ಯತ್ಯಾಸ ಇರುವುದು ಬಾಗಿಲಿನಾಚೆ. ರಾತ್ರಿ ಎಂಟಕ್ಕೆ ಊಟ ಕೊಡುವವರು ಯಾರು, ಬೆಳಗ್ಗೆ ಆರಕ್ಕೆ ಬಿಸಿನೀರು ಎಲ್ಲಿಂದ, ನಡುರಾತ್ರಿ ಮಗುವಿಗೆ ಜ್ವರ ಬಂದರೆ ಕಾರು ಎಷ್ಟು ದೂರದಲ್ಲಿದೆ. ಜಾಗ ಆರಿಸಬೇಕಾದದ್ದು ಇವನ್ನು ನೋಡಿ.

ಯಾವುದನ್ನು ಅಳೆದು ನೋಡಬೇಕು

ನಾನು ಮೊದಲು ಕೇಳುವುದು: ನಿಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಅಶಕ್ತರು ಯಾರು? ಕೊಠಡಿ ಆರಿಸಬೇಕಾದದ್ದು ಅವರಿಗಾಗಿ. ಉಳಿದವರು ಹೇಗೋ ಹೊಂದಿಕೊಳ್ಳುತ್ತಾರೆ.

ಇದನ್ನು ನಾನು ಕಲಿತದ್ದು ನಮ್ಮತ್ತೆಯವರ ಜೊತೆ ಹೋದ ಒಂದು ರಾತ್ರಿಯಿಂದ. ಮೂಡಿಗೆರೆ ಕಡೆಯ ಒಂದು ತೋಟದ ಮನೆ, ಫೋನಿನಲ್ಲೇ ಮಾತಾಡಿ ಮುಂಗಡ ಕೊಟ್ಟಿದ್ದೆವು. ಫೋಟೋದಲ್ಲಿ ಕೆಂಪು ಹೆಂಚು, ಮುಂದೆ ಅಂಗಳ, ಹಿಂದೆ ಗುಡ್ಡ, ಎಲ್ಲ ಚೆಂದವಿತ್ತು. ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು, ಕಾರು ಗೇಟಿನವರೆಗೆ ಮಾತ್ರ; ಅಲ್ಲಿಂದ ಮುಂದೆ ಒಂದು ಕಿಲೋಮೀಟರು ಕೆಸರಿನ ಏರು. ಜಿಟಿಜಿಟಿ ಮಳೆ. ಅತ್ತೆಯನ್ನು ಆ ಕಡೆ ನಾನು, ಈ ಕಡೆ ನಮ್ಮ ಮನೆಯವರು ಹಿಡಿದುಕೊಂಡು ಹತ್ತಿಸಿದೆವು. ಅಷ್ಟಾದರೂ ಅವರು ಒಂದು ಮಾತು ಆಡಲಿಲ್ಲ. ಬೆಳಗ್ಗೆ ನೋಡಿದರೆ ಅವರ ತಲೆದಿಂಬಿನ ಪಕ್ಕದಲ್ಲಿಟ್ಟಿದ್ದ ನೀರಿನ ಚೊಂಬು ತುಂಬಿದ ಹಾಗೇ ಇತ್ತು. ಪಾಯಖಾನೆ ಅಂಗಳದಾಚೆ, ಪಾಚಿ ಕಟ್ಟಿದ ಕಲ್ಲು ದಾಟಿ ಹೋಗಬೇಕಿತ್ತು. ರಾತ್ರಿ ಏಳಬೇಕಾದೀತೆಂದು ಹೆದರಿ ಅವರು ನೀರೇ ಕುಡಿದಿರಲಿಲ್ಲ. ಆ ಮನೆಯವರದ್ದು ತಪ್ಪು ಎನ್ನಲಾರೆ, ಕೇಳಿದ್ದರೆ ಹೇಳುತ್ತಿದ್ದರೇನೋ. ನಾನು ಕೇಳಿರಲಿಲ್ಲ. ಅಂದಿನಿಂದ ನನ್ನ ಮೊದಲ ಎರಡು ಪ್ರಶ್ನೆ ಇವೇ: ಕಾರು ಬಾಗಿಲವರೆಗೆ ಬರುತ್ತದೆಯೇ? ಶೌಚಾಲಯ ಕೊಠಡಿಯ ಒಳಗೇ ಇದೆಯೇ, ಇದ್ದರೆ ಕಮೋಡ್ ಇದೆಯೇ?

ಎರಡನೆಯದು ಊಟ. ಮಲೆನಾಡಿನ ಮೂಲೆಗಳಲ್ಲಿ ರಾತ್ರಿ ಎಂಟೂವರೆಯ ಮೇಲೆ ಹೋಟೆಲು ಹುಡುಕುತ್ತೇನೆಂದರೆ ಆಗದು. ಊಟ ಅಲ್ಲೇ ಸಿಗುತ್ತದೋ, ಹೇಳಿ ಮಾಡಿಸಬೇಕೋ, ಕಟ್ಟಿಕೊಂಡು ಹೋಗಬೇಕೋ ಎಂಬುದು ಹೊರಡುವ ಮೊದಲೇ ಗೊತ್ತಿರಬೇಕು.

ಮೂರನೆಯದು ದುಡ್ಡಿನ ಲೆಕ್ಕದ ರೀತಿ. ಕ್ಷೇತ್ರದ ಕೊಠಡಿ, ಸರ್ಕಾರಿ ಕೊಠಡಿ ಎಲ್ಲ ಕೊಠಡಿಗೆ ಇಷ್ಟು. ಹೋಂಸ್ಟೇ ತಲೆಗೆ ಇಷ್ಟು, ಅದರಲ್ಲಿ ರಾತ್ರಿ ಊಟ, ಬೆಳಗಿನ ತಿಂಡಿ ಸೇರಿರುತ್ತದೆ. ಇಬ್ಬರೇ ಹೋದಾಗ ಈ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ಏಳು ಜನ ಹೋದಾಗ ಕಾಣುತ್ತದೆ. ತಲೆಗೆ 1,500 ರೂಪಾಯಿ ಎಂದರೆ ಏಳು ಜನಕ್ಕೆ 10,500. ಅದೇ ಏಳು ಜನ ಕ್ಷೇತ್ರದ ಎರಡು ಕೊಠಡಿಯಲ್ಲಿ ಮಲಗಿದರೆ ಕೊಠಡಿಯ ಖರ್ಚು ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಹೋಂಸ್ಟೇಯವರು ಕೊಟ್ಟ ಊಟವನ್ನೂ ಲೆಕ್ಕ ಹಾಕಿ ನೋಡಿ. ಮಕ್ಕಳಿಗೆ ಅರ್ಧ ಹಿಡಿಯುತ್ತಾರೋ, ಪುಕ್ಕಟೆಯೋ ಕೇಳಿ. ಜೀಪಿನ ಬಾಡಿಗೆ ಬೇರೆಯೋ ಅದರಲ್ಲೇ ಸೇರಿದೆಯೋ ಕೇಳಿ. ಕೊನೆಗೆ ಮನಸ್ತಾಪ ಬರುವುದು ಈ ಜೀಪಿನ ಬಾಡಿಗೆಯ ವಿಷಯದಲ್ಲೇ.

ಆಮೇಲೆ ರಸ್ತೆ, ಕರೆಂಟು, ಫೋನಿನ ಸಿಗ್ನಲ್ಲು. ಇವು ಮೂರೂ ತಿಂಗಳ ಮೇಲೆ ಹೋಗುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಲೆನಾಡೇ ಬೇರೆ, ಡಿಸೆಂಬರಿನ ಮಲೆನಾಡೇ ಬೇರೆ.

ಕ್ಷೇತ್ರದ ಕೊಠಡಿಗಳು

ಹೊರನಾಡು, ಶೃಂಗೇರಿ, ಶ್ರವಣಬೆಳಗೊಳ. ಮೂರೂ ಕಡೆ ಯಾತ್ರಿಕರಿಗೆಂದೇ ಕಟ್ಟಿದ ಕೊಠಡಿಗಳಿವೆ, ಮೂರೂ ಕಡೆ ಊಟದ ವ್ಯವಸ್ಥೆ ಇದೆ. ಕಡಿಮೆ ಖರ್ಚು, ದೊಡ್ಡ ಸಂಸಾರ, ವಯಸ್ಸಾದವರು, ಈ ಮೂರೂ ಒಟ್ಟಿಗೆ ಇದ್ದರೆ ನನ್ನ ಮೊದಲ ಸಲಹೆ ಇದೇ. ಆದರೆ ಮೂರೂ ಒಂದೇ ಥರ ಅಲ್ಲ.

ಹೊರನಾಡು ಚಿಕ್ಕಮಗಳೂರಿನಿಂದ ನೂರು ಕಿಲೋಮೀಟರಿನ ಆಸುಪಾಸು, ಕಳಸದಿಂದ ಎಂಟು ಕಿಲೋಮೀಟರು. ಸುತ್ತ ಅಡಿಕೆ ತೋಟ, ಕಾಡು, ಗುಡ್ಡ. ನಿಜವಾಗಿ ಮೂಲೆಯ ಊರು ಎನ್ನುವ ಅನುಭವ ಬೇಕಾದರೆ ಮೂರರಲ್ಲಿ ಇದೇ. ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಬಂದವರು ಹಸಿದು ಹೋಗಬಾರದು ಎಂಬುದು ಅಲ್ಲಿನ ನಡೆ. ರಾತ್ರಿಯ ಊಟದ ಚಿಂತೆ ನಿಮ್ಮ ತಲೆಯಿಂದ ಇಳಿದಂತೆಯೇ. ಗಂಡಸರು ಅಂಗಿ ಬನಿಯನ್ನು ತೆಗೆದು ಶಲ್ಯ ಹೊದ್ದು ದರ್ಶನಕ್ಕೆ ಹೋಗಬೇಕು; ಪಂಚೆ, ಶಲ್ಯ ಬ್ಯಾಗಿನಲ್ಲಿರಲಿ. ತೊಡಕು ಇರುವುದು ದಾರಿಯಲ್ಲಿ. ತಿರುವುಗಳು ಜಾಸ್ತಿ, ವಾಂತಿ ಮಾಡುವ ಮಕ್ಕಳಿದ್ದರೆ ಎರಡು ಕಡೆ ನಿಲ್ಲಿಸಿಕೊಂಡು ಹೋಗಬೇಕು. ಭದ್ರೆ ಉಕ್ಕಿದಾಗ ಕಳಸ ಹೊರನಾಡಿನ ನಡುವಿನ ಹೆಬ್ಬಾಳೆ ಸೇತುವೆ ಮುಳುಗಿದ ಸುದ್ದಿಯನ್ನು ನಾವು ಮಳೆಗಾಲದಲ್ಲಿ ಎಷ್ಟೋ ಸಲ ಓದಿದ್ದೇವೆ. ಜುಲೈ, ಆಗಸ್ಟಿನಲ್ಲಿ ಹೋಗುವವರು ಒಂದು ದಿನ ಹೆಚ್ಚೇ ಇಟ್ಟುಕೊಂಡು ಹೊರಡಿ.

ಶೃಂಗೇರಿ ಮೂಲೆಯ ಊರಲ್ಲ, ಪೇಟೆ. ಅದೇ ಅದರ ಅನುಕೂಲ. ಮಠದ ಕೊಠಡಿ ಸಿಗದಿದ್ದರೆ ನಾಲ್ಕು ಹೆಜ್ಜೆಯಲ್ಲಿ ಲಾಡ್ಜ್ ಇದೆ, ಔಷಧಿ ಅಂಗಡಿ ಇದೆ, ಬಸ್ಸಿದೆ. ತುಂಗೆಯ ಮೆಟ್ಟಿಲ ಮೇಲೆ ಮಗುವನ್ನು ಕೂರಿಸಿ ಮೀನು ತೋರಿಸಿದರೆ ಒಂದು ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ. ವಿದ್ಯಾಶಂಕರ ದೇವಾಲಯದ ಹನ್ನೆರಡು ರಾಶಿಕಂಬಗಳನ್ನು ಬೆಳಗಿನ ಬಿಸಿಲಿನಲ್ಲಿ ನೋಡಬೇಕೆಂದರೆ ಅಲ್ಲಿ ರಾತ್ರಿ ಉಳಿಯಲೇಬೇಕು. ಮಧ್ಯಾಹ್ನ ದೇವಸ್ಥಾನ ಬಾಗಿಲು ಹಾಕುತ್ತದೆ ಎಂಬುದು ನೆನಪಿರಲಿ. ಬಿಸಿಲಲ್ಲಿ ಬಂದು ಬಾಗಿಲ ಮುಂದೆ ಕಾಯುವ ಹಿರಿಯರನ್ನು ನೋಡಿದಾಗೆಲ್ಲ ಇದನ್ನು ಇವರಿಗೆ ಯಾರಾದರೂ ಮೊದಲೇ ಹೇಳಬಾರದಿತ್ತೇ ಅನಿಸುತ್ತದೆ.

ಶ್ರವಣಬೆಳಗೊಳ ಮಲೆನಾಡಲ್ಲ, ಬಯಲು. ಆದರೂ ಇಲ್ಲಿ ಸೇರಿಸಿದ್ದಕ್ಕೆ ಕಾರಣವಿದೆ. ಘಾಟಿ ತಿರುವು ಆಗದವರು, ಕಾರಿಲ್ಲದವರು ಇದ್ದಾರೆ. ಬೆಂಗಳೂರು ಹಾಸನ ರೈಲು ಮಾರ್ಗದಲ್ಲೇ ನಿಲ್ದಾಣವಿದೆ, ಚನ್ನರಾಯಪಟ್ಟಣದಿಂದ ಹನ್ನೆರಡು ಕಿಲೋಮೀಟರು. ಧರ್ಮಶಾಲೆಯ ಕೊಠಡಿಗಳು ಸ್ವಚ್ಛ, ಸರಳ. ಇಲ್ಲಿ ಊಟದ ಪದ್ಧತಿ ಬೇರೆ ಎಂಬುದನ್ನು ತಿಳಿದು ಹೋಗಿ. ಜೈನ ಭೋಜನಾಲಯದಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆ ಗೆಣಸು ಇಲ್ಲ. ಸೂರ್ಯ ಮುಳುಗುವ ಮೊದಲೇ ಊಟ ಮುಗಿಯುತ್ತದೆ. ಮಗುವಿಗೆ ರಾತ್ರಿ ಎಂಟಕ್ಕೆ ಹಸಿವಾದರೆ ಏನು ಕೊಡುತ್ತೀರಿ ಎಂದು ಯೋಚಿಸಿ, ಬಾಳೆಹಣ್ಣೋ ಅವಲಕ್ಕಿಯೋ ಇಟ್ಟುಕೊಳ್ಳಿ. ಅಲ್ಲಿ ರಾತ್ರಿ ಉಳಿಯುವುದರ ಲಾಭವೆಲ್ಲ ಬೆಳಗಿನಲ್ಲಿದೆ. ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲನ್ನು ಬರಿಗಾಲಲ್ಲಿ ಹತ್ತಬೇಕು. ಹಾಸನದಿಂದ ಹೊರಟು ಹತ್ತು ಗಂಟೆಗೆ ಬುಡ ತಲುಪಿದವರ ಅಂಗಾಲು ಸುಡುತ್ತದೆ. ಅಲ್ಲೇ ಮಲಗಿ ಆರೂವರೆಗೆ ಹೊರಟವರು ತಣ್ಣನೆ ಬಂಡೆಯ ಮೇಲೆ ಹತ್ತುತ್ತಾರೆ. ಮೇಲೆ ಮುಟ್ಟಿದಾಗ 981ರಲ್ಲಿ ಚಾವುಂಡರಾಯ ಮಾಡಿಸಿದ ಆ ಮೂರ್ತಿಯ ಮೇಲೆ ಎಳೆಬಿಸಿಲು ಬಿದ್ದಿರುತ್ತದೆ. ಹತ್ತಲಾಗದವರಿಗೆ ಡೋಲಿ ಸಿಗುತ್ತದೆ.

ಈ ಮೂರಕ್ಕೂ ಸೇರುವ ಎಚ್ಚರಿಕೆ: ಶನಿವಾರ, ಭಾನುವಾರ, ನವರಾತ್ರಿ, ಸಾಲುಸಾಲು ಸರ್ಕಾರಿ ರಜೆ ಬಂದ ದಿನ ಕೊಠಡಿ ಸಿಗುವುದು ಕಷ್ಟ. ಎಲ್ಲರ ಆಧಾರ್ ಇರಲಿ. ಒಂಟಿಯಾಗಿ ಬಂದವರಿಗೆ ಕೊಠಡಿ ಕೊಡಲು ಕೆಲವು ಕಡೆ ಹಿಂದೇಟು ಹಾಕುತ್ತಾರೆ, ಒಬ್ಬರೇ ಹೋಗುವವರು ಮೊದಲೇ ಫೋನ್ ಮಾಡಿ ವಿಚಾರಿಸಿ. ಕೊಠಡಿ ಕೊಡುವಾಗ ನೆಲಮಹಡಿ ಎಂದು ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಮಂಡಿನೋವಿನವರಿಗೆ ಎರಡನೇ ಮಹಡಿಯ ಕೀಲಿಕೈ ಬಂದೀತು. ಮತ್ತೆ, ಅದು ಕ್ಷೇತ್ರ. ಜೋರಾಗಿ ಹಾಡು ಹಾಕಿಕೊಂಡು ಕೂರುವ ಸ್ನೇಹಿತರ ಗುಂಪಿಗೆ ಅದು ಜಾಗವಲ್ಲ.

ಸರ್ಕಾರಿ ಕೊಠಡಿಗಳು

ಕೆಮ್ಮಣ್ಣುಗುಂಡಿಯ ಬಗ್ಗೆ ನನಗೆ ಪಕ್ಷಪಾತವಿದೆ, ಮುಚ್ಚಿಡುವುದಿಲ್ಲ. 1,434 ಮೀಟರ್ ಎತ್ತರದಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಗೆ ಬಂದು ಇರುತ್ತಿದ್ದ ಗಿರಿಧಾಮ. ಇವತ್ತು ತೋಟಗಾರಿಕೆ ಇಲಾಖೆಯ ಕೈಯಲ್ಲಿದೆ. ಒಂದು ಕಾಲಕ್ಕೆ ಈ ಗುಡ್ಡದ ಕಬ್ಬಿಣದ ಅದಿರು ಭದ್ರಾವತಿಯ ಕಾರ್ಖಾನೆಗೆ ಹೋಗುತ್ತಿತ್ತು. ಕೆಂಪು ಮಣ್ಣಿನ ಗುಂಡಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ.

ಅಲ್ಲಿನ ಕೊಠಡಿಗಳು ಹಳೆಯವು. ಗೋಡೆಯಲ್ಲಿ ತೇವದ ಕಲೆ, ಬಾಗಿಲು ಮಳೆಗೆ ಉಬ್ಬಿ ಒಂದೇ ಸಲಕ್ಕೆ ಮುಚ್ಚುವುದಿಲ್ಲ, ಕಂಬಳಿ ಕೊಡುತ್ತಾರಾದರೂ ಅದು ಸಾಲದು. ಬೆಡ್‌ಶೀಟು ನಿಮ್ಮದೇ ಒಯ್ದರೆ ನೆಮ್ಮದಿ. ಹೊರಗೆ ಬಂದರೆ ಮಾತ್ರ ಆ ತೇವ, ಆ ಬಾಗಿಲು ಎಲ್ಲ ಮರೆತುಹೋಗುತ್ತದೆ. ಹಗಲು ಬಂದು ಹೋಗುವ ಜನವೆಲ್ಲ ಸಂಜೆ ಕೆಳಗಿಳಿದ ಮೇಲೆ ಇಡೀ ಬೆಟ್ಟ ಉಳಿದವರದ್ದು. ರಾಜಭವನದ ಮುಂದೆ ನಿಂತರೆ ಕೆಳಗಿನ ಬಯಲಿನ ದೀಪಗಳು ಒಂದೊಂದೇ ಹೊತ್ತಿಕೊಳ್ಳುತ್ತವೆ; ಅಷ್ಟರಲ್ಲಿ ಕಾವಳ ಏರಿ ಬಂದು ಪಕ್ಕದಲ್ಲಿ ನಿಂತವರ ಮುಖವೂ ಕಾಣದ ಹಾಗೆ ಮಾಡುತ್ತದೆ. ಬೆಳಗ್ಗೆ ಶಾಂತಿ ಫಾಲ್ಸ್ ದಾಟಿ ಝಡ್ ಪಾಯಿಂಟಿನವರೆಗೆ ನಡೆಯುವ ದಾರಿಯಲ್ಲಿ ನೀವೇ ಮೊದಲಿಗರು. ಕಾರು ಮೇಲಿನವರೆಗೆ ಹೋಗುತ್ತದೆ, ಮಂಡಿನೋವಿನ ಅಮ್ಮನಿಗೂ ಹತ್ತುವ ಕೆಲಸವಿಲ್ಲ.

ಕೊರತೆಗಳನ್ನೂ ಹೇಳಬೇಕು. ಅಲ್ಲಿ ಅಂಗಡಿ ಸಾಲಿಲ್ಲ. ಹಾಲು, ಬಿಸ್ಕತ್ತು, ಮಾತ್ರೆ, ಮೇಣದಬತ್ತಿ ಎಲ್ಲ ಲಿಂಗದಹಳ್ಳಿಯಲ್ಲೇ ಕೊಂಡು ಹತ್ತಬೇಕು. ಊಟಕ್ಕೆ ಮೇಲಿನ ಕ್ಯಾಂಟೀನೇ ಗತಿ, ರಾತ್ರಿಗೆ ಏನು ಬೇಕೆಂದು ಸಂಜೆಯೇ ಹೇಳಿಡಿ. ಕೋತಿಗಳ ಕಾಟವಿದೆ, ಕಿಟಕಿ ತೆರೆದಿಟ್ಟು ಹೋಗಬೇಡಿ. ಹೆಬ್ಬೆ ಜಲಪಾತಕ್ಕೆ ಜೀಪಿನಲ್ಲಿ ಹೋಗಿ ಆಮೇಲೆ ನಡೆಯಬೇಕು, ಹಳ್ಳ ದಾಟಬೇಕು. ಹಿರಿಯರಿಗೆ, ಚಿಕ್ಕ ಮಗುವಿಗೆ ಅದು ಬೇಡ. ಅವರನ್ನು ಕೆಳಗಿನ ಕಲ್ಲತ್ತಿಗಿರಿಗೆ ಕರೆದುಕೊಂಡು ಹೋಗಿ, ವೀರಭದ್ರನ ಗುಡಿಯ ಪಕ್ಕದಲ್ಲೇ ನೀರು ಬೀಳುತ್ತದೆ.

ಅರಣ್ಯ ಇಲಾಖೆಯ ಮುತ್ತೋಡಿ ಬೇರೆಯದೇ ಲೋಕ. ಭದ್ರಾ ಹುಲಿ ಮೀಸಲು ಅರಣ್ಯದ ಒಳಗೆ, ಚಿಕ್ಕಮಗಳೂರಿನಿಂದ ಮೂವತ್ತೈದು ಕಿಲೋಮೀಟರಿನ ಮೇಲೆ. ಇಲ್ಲಿ ಉಳಿಯುವವರು ಒಂದು ಸಂಗತಿ ತಿಳಿದಿರಬೇಕು ಎನ್ನುವುದು ನನ್ನ ಆಸೆ. ಈ ಕಾಡಿನೊಳಗೆ ಹಳ್ಳಿಗಳಿದ್ದವು. 1998ರಲ್ಲಿ ಹುಲಿ ಯೋಜನೆಗೆ ಸೇರಿದ ಮೇಲೆ, 2002ರ ಸುಮಾರಿಗೆ, ಅಲ್ಲಿನ ಸಂಸಾರಗಳು ಗದ್ದೆ ಮನೆ ಬಿಟ್ಟು ತರೀಕೆರೆ ಬಳಿಯ ಎಂ.ಸಿ. ಹಳ್ಳಿ ಮತ್ತು ಕೆಳಗೂರಿಗೆ ಹೋದವು. ನೀವು ರಾತ್ರಿ ಕೇಳುವ ನಿಶ್ಶಬ್ದಕ್ಕೆ ಅವರು ಊರು ಬಿಟ್ಟುಕೊಟ್ಟಿದ್ದಾರೆ. ಸಂಜೆ ಗೇಟು ಮುಚ್ಚಿದ ಮೇಲೆ ಹೊರಗೆ ಹೋಗುವ ಮಾತಿಲ್ಲ, ಫೋನು ನಂಬುವ ಹಾಗಿಲ್ಲ. ಸಫಾರಿ, ಮುನ್ನೂರು ವರ್ಷದ ತೇಗದ ಮರ 'ಜಾಗರ ದೈತ್ಯ', ಸೋಮವಾಹಿನಿಯ ನೀರಿನ ಸದ್ದು, ಇಷ್ಟಕ್ಕೆ ಮನಸ್ಸಿದ್ದವರು ಹೋಗಿ. ರಾತ್ರಿ ಆಸ್ಪತ್ರೆಗೆ ಓಡಬೇಕಾಗಬಹುದಾದ ಆರೋಗ್ಯದವರನ್ನು ಅಲ್ಲಿಗೆ ಕರೆದೊಯ್ಯಬೇಡಿ.

ಪಿಡಬ್ಲ್ಯೂಡಿಯ ಪ್ರವಾಸಿ ಮಂದಿರ, ಅಂದರೆ ಐ.ಬಿ., ಕೇಳುವವರೂ ಇದ್ದಾರೆ. ಜಾಗ ಚೆನ್ನಾಗಿರುತ್ತದೆ, ಬಾಡಿಗೆ ಕಡಿಮೆ. ಆದರೆ ಅಧಿಕಾರಿಗಳು ಬಂದರೆ ಕೊಠಡಿ ಅವರಿಗೇ. ಸಂಸಾರ ಕಟ್ಟಿಕೊಂಡು ಅದನ್ನೊಂದೇ ನಂಬಿ ಹೊರಡಬೇಡಿ. ಬೇಲೂರು, ಹಳೇಬೀಡು ನೋಡಲು ಬಂದವರಿಗೆ ಪ್ರವಾಸೋದ್ಯಮ ನಿಗಮದ ಮಯೂರ ವೇಲಾಪುರಿ, ಮಯೂರ ಶಾಂತಲಾ ಇವೆ. ಅವು ಊರೊಳಗಿನ ಹೋಟೆಲುಗಳು, ಈ ಹೋಲಿಕೆಗೆ ಸೇರುವುದಿಲ್ಲ.

ಊರಿನವರ ಮನೆ

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಹೋಂಸ್ಟೇ ಎಂಬ ಒಂದೇ ಹಲಗೆಯಡಿ ಈಗ ಎರಡು ಬೇರೆ ಬೇರೆ ವಸ್ತುಗಳಿವೆ. ಒಂದು, ಹೆಸರಿಗೆ ಹೋಂಸ್ಟೇ, ಮನೆಯವರು ಇರುವುದೇ ಇಲ್ಲ, ಒಬ್ಬ ಹುಡುಗ ಕೀಲಿ ಕೊಟ್ಟು ಹೋಗುತ್ತಾನೆ. ಇನ್ನೊಂದು, ನಿಜವಾಗಿಯೂ ಮನೆ. ನಾನು ಮಾತಾಡುತ್ತಿರುವುದು ಎರಡನೆಯದರ ಬಗ್ಗೆ. "ನೀವು ಅಲ್ಲೇ ಇರ್ತೀರಾ?" ಎಂದು ಫೋನಿನಲ್ಲಿ ಕೇಳಿ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯೇ ಎಂದೂ ಕೇಳಿ. ಸರಿಯಾಗಿ ನಡೆಸುವವರು ಈ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ.

ಕುದುರೆಮುಖ ಹತ್ತುವವರಿಗೆ ಬೆಟ್ಟದ ಬುಡದ ಮುಳ್ಳೋಡಿಯ ಮನೆಗಳಿವೆ. ಕಳಸದ ಹತ್ತಿರದ ಸಂಸೆಯ ಕಡೆಯಿಂದ ಒಳಕ್ಕೆ ಜೀಪಿನ ದಾರಿ. ಕಲ್ಲು, ಕೊರಕಲು, ಹಳ್ಳ. ಸಣ್ಣ ಕಾರು ತಂದವರು ಕೆಳಗೇ ಬಿಟ್ಟು ಜೀಪು ಹತ್ತಬೇಕು. ಅಲ್ಲಿ ನಾವು ಉಳಿದ ಮನೆಯ ಬಚ್ಚಲನ್ನು ನಾನು ಮರೆಯಲಾರೆ. ಮೂಲೆಯಲ್ಲಿ ಮಸಿ ಹಿಡಿದ ತಾಮ್ರದ ಹಂಡೆ, ಕೆಳಗೆ ಒಲೆಯಲ್ಲಿ ದಪ್ಪ ಕೊರಡು, ಪಕ್ಕದಲ್ಲಿ ತಣ್ಣೀರಿನ ತೊಟ್ಟಿ. ಬೆಳಗ್ಗೆ ಐದಕ್ಕೆ ಆ ಮನೆಯ ಅಮ್ಮ ಬೂದಿ ಕೆದಕಿ, ಕೆಂಡದ ಮೇಲೆ ಅಡಿಕೆ ಹಾಳೆಯ ಚೂರು ಹಾಕಿ ಊದಿದರು. ಉರಿ ಹತ್ತಿತು. ಹೊರಗೆ ಧೋ ಎಂದು ಮಳೆ, ಒಳಗೆ ಹೊಗೆಯ ವಾಸನೆಯ ಬಿಸಿನೀರು. ಚೊಂಬು ಚೊಂಬಾಗಿ ಹೊಯ್ದುಕೊಂಡಷ್ಟೂ ಇತ್ತು. ಕರೆಂಟು ಹೋಗಿ ಎರಡು ದಿನವಾಗಿತ್ತು, ಆ ಹಂಡೆಗೆ ಅದರ ಚಿಂತೆಯೇ ಇರಲಿಲ್ಲ. ತಿಂಡಿಗೆ ಕಡುಬು, ಕಾಯಿ ಚಟ್ನಿ. ಹುಡುಗರಿಗೆ ಮಧ್ಯಾಹ್ನಕ್ಕೆ ಬುತ್ತಿ ಕಟ್ಟಿಕೊಟ್ಟರು.

ಬೆಟ್ಟ 1,890 ಮೀಟರ್ ದಾಟಿದ ಎತ್ತರ, ಹೋಗಿ ಬರಲು ಹದಿನೆಂಟರಿಂದ ಇಪ್ಪತ್ತು ಕಿಲೋಮೀಟರು, ಪೂರ್ತಿ ಒಂದು ದಿನದ ಕೆಲಸ. ಅರಣ್ಯ ಇಲಾಖೆಯ ಅನುಮತಿ ಆನ್‌ಲೈನಿನಲ್ಲೇ ಪಡೆಯಬೇಕು, ದಿನಕ್ಕೆ 300 ಜನಕ್ಕೆ ಮಾತ್ರ. ಬೆಟ್ಟದ ಮೇಲೆ ರಾತ್ರಿ ಉಳಿಯುವಂತಿಲ್ಲ. ಮೊದಲು ಅನುಮತಿ ಕೈಗೆ ಬರಲಿ, ಆಮೇಲೆ ಕೊಠಡಿಗೆ ಮುಂಗಡ ಕೊಡಿ. ಎಷ್ಟೋ ಹುಡುಗರು ಇದನ್ನು ತಿರುಗುಮುರುಗು ಮಾಡಿ ದುಡ್ಡು ಕಳೆದುಕೊಳ್ಳುತ್ತಾರೆ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಚಾರಣ ನಿಲ್ಲಿಸುವುದೂ ಉಂಟು.

ಇನ್ನು ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆಯ ಕಾಫಿ ತೋಟದ ಮನೆಗಳು. ಊಟದ ವಿಷಯಕ್ಕೆ ಇವನ್ನು ಮೀರಿಸುವವರಿಲ್ಲ. ಅಕ್ಕಿರೊಟ್ಟಿ, ಕಳಲೆ ಪಲ್ಯ, ಮಳೆಗಾಲವಾದರೆ ಪತ್ರೊಡೆ. ಆದರೆ ಇಲ್ಲಿ ಆನೆಗಳಿವೆ. ಇದು ಹೆದರಿಸುವ ಮಾತಲ್ಲ, ಈ ಭಾಗದಲ್ಲಿ ತೋಟದ ಕೆಲಸಕ್ಕೆ ಹೋದವರು ಜೀವ ಕಳೆದುಕೊಂಡಿದ್ದಾರೆ. ಮುಂಜಾನೆ ಮಂಜಿನಲ್ಲಿ ಸುಮ್ಮನೆ ಒಂದು ಸುತ್ತು ಹೋಗಿ ಬರುತ್ತೇನೆ ಎಂದು ಹೊರಡಬೇಡಿ. ಆನೆ ಎಲ್ಲಿದೆ ಎಂಬ ಸಂದೇಶ ಊರಿನವರ ಮೊಬೈಲಿಗೆ ಬರುತ್ತಿರುತ್ತದೆ, ಅವರು ಹೂಂ ಅಂದ ಮೇಲೆ ಹೆಜ್ಜೆ ಹೊರಗಿಡಿ. ಕತ್ತಲಾದ ಮೇಲೆ ತೋಟದ ರಸ್ತೆಯಲ್ಲಿ ಬೈಕಿನಲ್ಲಿ ತಲುಪುವ ಯೋಜನೆ ಬೇಡವೇ ಬೇಡ. ಐದು ಗಂಟೆಯೊಳಗೆ ಮನೆ ಸೇರಿ.

ಬಿಸಿನೀರಿಗೆ ಗ್ಯಾಸ್ ಗೀಸರ್ ಇಟ್ಟ ಕಡೆ ನಾನು ಮೊದಲು ನೋಡುವುದು ಅದು ಎಲ್ಲಿದೆ ಎಂದು. ಬಚ್ಚಲಿನ ಒಳಗೇ ಇದ್ದು, ಗಾಳಿ ಆಡಲು ಕಿಂಡಿ ಇಲ್ಲದಿದ್ದರೆ ಒಳಗೆ ಬಾಗಿಲು ಹಾಕಿಕೊಂಡು ಸ್ನಾನ ಮಾಡಬೇಡಿ. ಉರಿಗೆ ಆಮ್ಲಜನಕ ಸಾಲದಾದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆ ಸುತ್ತಿತು ಎನ್ನುವಷ್ಟರಲ್ಲಿ ಕಾಲಲ್ಲಿ ಶಕ್ತಿ ಇರುವುದಿಲ್ಲ. ಒಂದು ಬಕೆಟ್ ನೀರು ಹಿಡಿದು, ಗೀಸರ್ ಆರಿಸಿ, ಬಾಗಿಲು ಸ್ವಲ್ಪ ಹೊತ್ತು ತೆರೆದಿಟ್ಟು ಆಮೇಲೆ ಸ್ನಾನಕ್ಕೆ ಹೋಗಿ. ಚಳಿಯೆಂದು ಕೊಠಡಿಯೊಳಗೆ ಕೆಂಡದ ಬಾಣಲೆ ಇಟ್ಟುಕೊಂಡು ಕಿಟಕಿ ಬಾಗಿಲು ಮುಚ್ಚಿ ಮಲಗುವುದೂ ಇದೇ ಅಪಾಯ. ಇನ್ನೊಂದು ಕಂಬಳಿ ಕೇಳಿ.

ಯಾವ ತಿಂಗಳು

ಮಳೆಗಾಲದಲ್ಲಿ ಹಸಿರು ನೋಡಬೇಕೆಂದರೆ ಉಂಬಳ, ಅಂದರೆ ಜಿಗಣೆ, ಕಚ್ಚಿಸಿಕೊಳ್ಳಲು ತಯಾರಿರಬೇಕು. ಸುಣ್ಣ, ಉಪ್ಪು, ಹೊಗೆಸೊಪ್ಪಿನ ಪುಡಿ ಒಯ್ಯಿರಿ. ಕಿತ್ತ ಜಾಗದಲ್ಲಿ ರಕ್ತ ಸ್ವಲ್ಪ ಹೊತ್ತು ಸೋರುತ್ತದೆ, ಗಾಬರಿ ಬೇಡ. ಕರೆಂಟು ದಿನಗಟ್ಟಲೆ ಇಲ್ಲದಿರಬಹುದು, ಘಾಟಿಯಲ್ಲಿ ಮರ ಬಿದ್ದಿರಬಹುದು. ಟಾರ್ಚು, ಪವರ್ ಬ್ಯಾಂಕು, ಒಂದು ಜೊತೆ ಒಣ ಬಟ್ಟೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬೇರೆಯೇ ಇಡಿ. ಅಕ್ಟೋಬರ್ ಕೊನೆಯಿಂದ ಜನವರಿ ಹಿರಿಯರಿಗೂ ಮಕ್ಕಳಿಗೂ ಒಳ್ಳೆಯ ಕಾಲ. ಡಿಸೆಂಬರ್‌ನಿಂದ ಮೇವರೆಗೆ ಕಾಡಂಚಿನಲ್ಲಿ ಮಂಗನ ಕಾಯಿಲೆಯ ಕಾಲ ಎಂಬುದನ್ನೂ ಮರೆಯಬಾರದು. ಕೊಪ್ಪ, ಶೃಂಗೇರಿ, ಎನ್.ಆರ್. ಪುರದ ಕಡೆಯವರಿಗೆ ಇದು ಚೆನ್ನಾಗಿ ಗೊತ್ತು. ಉಣುಗಿನಿಂದ ಬರುತ್ತದೆ. ತರಗೆಲೆಯ ಮೇಲೆ ಕೂರಬೇಡಿ, ಕಾಡಿಗೆ ಹೋಗುವಾಗ ತುಂಬುತೋಳು ಹಾಕಿ, ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ ಮಕ್ಕಳ ಕಿವಿ ಹಿಂದೆ, ಕಂಕುಳು ನೋಡಿ. ವಾಪಸು ಬಂದು ವಾರದಲ್ಲಿ ಜ್ವರ ಬಂದರೆ ಮಲೆನಾಡಿಗೆ ಹೋಗಿದ್ದೆವು ಎಂದು ಡಾಕ್ಟರಿಗೆ ಹೇಳಿ. 108 ಆಂಬ್ಯುಲೆನ್ಸ್, 1926 ಅರಣ್ಯ ಇಲಾಖೆಯ ಸಹಾಯವಾಣಿ. ಎರಡನ್ನೂ ಕಾಗದದಲ್ಲಿ ಬರೆದಿಟ್ಟುಕೊಳ್ಳಿ, ಫೋನು ಸತ್ತರೆ ಮನೆಯವರ ಲ್ಯಾಂಡ್‌ಲೈನಿನಿಂದ ಮಾಡಬಹುದು.

ಹಾಗಾದರೆ ಯಾರಿಗೆ ಯಾವುದು

ಕೈಯಲ್ಲಿ ದುಡ್ಡು ಕಡಿಮೆ, ಜನ ಹೆಚ್ಚು ಇದ್ದರೆ ಕ್ಷೇತ್ರ. ಅದರಲ್ಲೂ ಕಾರಿಲ್ಲದಿದ್ದರೆ ಶ್ರವಣಬೆಳಗೊಳ ಅಥವಾ ಶೃಂಗೇರಿ. ಗಂಡ ಹೆಂಡತಿ ಇಬ್ಬರೇ, ಕೊಠಡಿ ಹಳೆಯದಾದರೂ ಪರವಾಗಿಲ್ಲ, ಬೆಟ್ಟ ನಮ್ಮದಾಗಬೇಕು ಎಂದರೆ ವಾರದ ನಡುವೆ ಕೆಮ್ಮಣ್ಣುಗುಂಡಿ. ಕಾಡಿನ ಹುಚ್ಚಿನವರಿಗೆ ಮುತ್ತೋಡಿ. ಬೆಟ್ಟ ಹತ್ತುವ ಹುಡುಗರಿಗೆ ಮುಳ್ಳೋಡಿ, ಬೇರೆ ಮಾತೇ ಇಲ್ಲ. ಊಟ, ಮಾತು, ಮನೆ ಎನ್ನುವ ಭಾವನೆ ಬೇಕು, ತಲೆ ಲೆಕ್ಕದಲ್ಲಿ ಕೊಡಲು ತಯಾರಿದ್ದೇವೆ ಎಂದರೆ ತೋಟದ ಮನೆ. ಆದರೆ ಮೇಲೆ ಹೇಳಿದ ಪ್ರಶ್ನೆಗಳನ್ನೆಲ್ಲ ಕೇಳಿಯೇ ಮುಂಗಡ ಕಳಿಸಿ.

ಅರಸೀಕೆರೆಯ ಮನೆಯವರಿಗೆ ನಾನು ಹೇಳಿದ್ದು, ಏಳು ಜನವನ್ನೂ ಒಂದೇ ಕೊಠಡಿಗೆ ಕಟ್ಟಿಹಾಕಬೇಡಿ ಎಂದು. ಕಳಸದವರೆಗೆ ಎಲ್ಲರೂ ಒಟ್ಟಿಗೆ ಬನ್ನಿ. ಅಪ್ಪ, ಅಮ್ಮ, ಮಗು, ನೀವಿಬ್ಬರೂ ಹೊರನಾಡಿನಲ್ಲಿ ನೆಲಮಹಡಿಯ ಕೊಠಡಿ ಹಿಡಿಯಿರಿ. ಹುಡುಗರು ಅನುಮತಿ ಚೀಟಿ ಹಿಡಿದು ಅದೇ ಸಂಜೆ ಸಂಸೆಯಿಂದ ಜೀಪು ಹತ್ತಿ ಮುಳ್ಳೋಡಿಗೆ ಹೋಗಲಿ, ಮರುದಿನ ಬೆಟ್ಟ ಇಳಿದು ಕತ್ತಲಾಗುವುದರೊಳಗೆ ಕಳಸಕ್ಕೆ ಬರಲಿ. ಆ ಹಗಲು ನೀವು ಅಮ್ಮನವರಿಗೆ ನಿಧಾನವಾಗಿ ದರ್ಶನ ಮಾಡಿಸಿ, ಕಳಸೇಶ್ವರನ ಗುಡಿಗೂ ಹೋಗಿ ಬನ್ನಿ. ಎರಡನೇ ರಾತ್ರಿ ಎಲ್ಲರೂ ಹೊರನಾಡಿನಲ್ಲೇ ಮಲಗಿ, ಬೆಳಗ್ಗೆ ಹೊರಡಿ. ಇಪ್ಪತ್ತು ಕಿಲೋಮೀಟರು ನಡೆದು ಬಂದ ಹುಡುಗರ ಕೈಗೆ ರಾತ್ರಿ ಆ ತಿರುವುಗಳಲ್ಲಿ ಸ್ಟೀರಿಂಗ್ ಕೊಡಬೇಡಿ. ಕೆಮ್ಮಣ್ಣುಗುಂಡಿಯನ್ನು ಈ ಸಲ ಬಿಡಿ. ಅದು ನಿಮಗೆ ದೂರವೇನಲ್ಲ, ಬೀರೂರು, ಲಿಂಗದಹಳ್ಳಿ ಮೇಲೆ ಹೋದರೆ ಆಯಿತು. ಚಳಿಗಾಲದ ಒಂದು ಮಂಗಳವಾರ ನೀವಿಬ್ಬರೇ ಹೋಗಿ ಬನ್ನಿ, ಬೆಡ್‌ಶೀಟು ಮರೆಯಬೇಡಿ.